ಸಹಿ ಹಾಕುವ ಮುನ್ನ ಓದೋಣ: ಸ್ವಂತ ವಕೀಲರಿಲ್ಲದವರಿಗೆ ವಿಚ್ಛೇದನದ ಕಾಗದಪತ್ರಗಳು

"ವಕೀಲರೇ ಎಲ್ಲ ಬರೆದು ಕೊಟ್ಟಿದ್ದಾರೆ ಬಾಯಿ, ನೀವು ಇಲ್ಲೊಂದು ಸಹಿ ಹಾಕಿದರೆ ಸಾಕು." ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಬಂದಿದೆ. ಹೇಳಿದವರು ಕೆಟ್ಟವರೇ ಆಗಿರಬೇಕೆಂದಿಲ್ಲ. ಬರೆದ ವಕೀಲರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿರಬಹುದು. ಆದರೆ ಅವರು ಯಾರ ವಕೀಲರು ಎಂಬ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಅತ್ತು ಅತ್ತು ಸೋತ ಜೀವ, ಒಮ್ಮೆ ಮುಗಿದುಹೋಗಲಿ ಎಂದು ಸಹಿ ಹಾಕಿಬಿಡುತ್ತದೆ. ಮುಂದಿನ ಇಪ್ಪತ್ತು ವರ್ಷದ ಬದುಕು ಆ ಹಾಳೆಗಳಲ್ಲಿ ಬರೆದಿದೆ ಎಂಬುದು ಆಮೇಲೆ ತಿಳಿಯುತ್ತದೆ.

ಪ್ರಿಯ ಓದುಗರೇ, ವಿಚ್ಛೇದನ ಒಳ್ಳೆಯದೇ ಕೆಟ್ಟದ್ದೇ ಎಂದು ತೀರ್ಪು ಕೊಡಲು ನಾವು ಈ ಲೇಖನ ಬರೆಯುತ್ತಿಲ್ಲ. ಒಡೆದ ಮನೆಯನ್ನು ಒಂದುಗೂಡಿಸಲು ಮಾಡಬೇಕಾದ ಪ್ರಯತ್ನವನ್ನೆಲ್ಲ ಮೊದಲು ಮಾಡೋಣ. ಅದೆಲ್ಲ ಮುಗಿದ ಮೇಲೂ ಕೋರ್ಟಿನ ಬಾಗಿಲಿಗೆ ಹೋಗಲೇಬೇಕಾದ ಕುಟುಂಬಗಳು ನಮ್ಮ ನಡುವೆ ಇವೆ. ಅವರಲ್ಲಿ ಅನೇಕರಿಗೆ ಸ್ವಂತ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ. ನಾವು ವಕೀಲರಲ್ಲ. ಇಂಥವರ ಜೊತೆಗೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವರು, ಅಷ್ಟೆ. ಅಲ್ಲಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ಎರಡು ದಾರಿ, ಎರಡು ಕಡತ

ನಮ್ಮ ಕಾಸರಗೋಡಿನ ಪರಿಸ್ಥಿತಿಯೇ ಬೇರೆ. 1956ರ ನವೆಂಬರ್ 1ರಿಂದ ನಾವು ಕೇರಳ ರಾಜ್ಯದಲ್ಲಿದ್ದೇವೆ. ಆದರೆ ಮಂಜೇಶ್ವರ, ಕಯ್ಯಾರು, ಕುಂಬಳೆ, ಬೇಳ ಕಡೆಯ ನಮ್ಮ ಇಗರ್ಜಿಗಳು ಸೇರಿರುವುದು ಮಂಗಳೂರು ಧರ್ಮಪ್ರಾಂತ್ಯಕ್ಕೆ. ಹಾಗಾಗಿ ಮದುವೆ ಮುರಿದಾಗ ಒಂದು ಕಡತ ದಕ್ಷಿಣಕ್ಕೆ, ವಿದ್ಯಾನಗರದ ಕೋರ್ಟಿಗೆ ಹೋಗುತ್ತದೆ. ಇನ್ನೊಂದು ಉತ್ತರಕ್ಕೆ, ಮಂಗಳೂರಿನ ಧರ್ಮಸಭೆಯ ನ್ಯಾಯಮಂಡಳಿಗೆ ಹೋಗುತ್ತದೆ. ಒಂದು ಕಡತದ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಧರ್ಮಸಭೆಯ ನ್ಯಾಯಮಂಡಳಿ ಮದುವೆ ಅಸಿಂಧು ಎಂದು ತೀರ್ಪಿತ್ತರೆ ಸರಕಾರದ ಕಣ್ಣಿನಲ್ಲಿ ಆ ಮದುವೆ ಹಾಗೆಯೇ ಉಳಿದಿರುತ್ತದೆ. 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಧರ್ಮಸಭೆಯ ತೀರ್ಪಿಗೆ ಕಾನೂನಿನ ಮಾನ್ಯತೆ ಸಿಗಬೇಕೆಂದು ಮಂಗಳೂರಿನ ಹಿರಿಯ ವಕೀಲ ಕ್ಲಾರೆನ್ಸ್ ಪಾಯ್ಸ್ ಸಲ್ಲಿಸಿದ ಅರ್ಜಿಯನ್ನೂ ಸುಪ್ರೀಂ ಕೋರ್ಟು 2017ರಲ್ಲಿ ತಳ್ಳಿಹಾಕಿತು. ಧರ್ಮಸಭೆಯ ತೀರ್ಪನ್ನಷ್ಟೇ ನಂಬಿ ಮರುಮದುವೆಯಾದರೆ ಅದು ಕಾನೂನಿನ ಪ್ರಕಾರ ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಅಪರಾಧವಾದೀತು.

ಇದರ ಮಗ್ಗುಲೂ ಇದೆ. ಕೋರ್ಟು ವಿಚ್ಛೇದನ ಕೊಟ್ಟ ಮಾತ್ರಕ್ಕೆ ಇಗರ್ಜಿಯಲ್ಲಿ ಮತ್ತೆ ಮದುವೆಯಾಗಲು ಬರುವುದಿಲ್ಲ.

ನೂರು ರೂಪಾಯಿಯ ಛಾಪಾ ಕಾಗದದಲ್ಲಿ "ನಾವಿಬ್ಬರೂ ಇಂದಿನಿಂದ ಬೇರೆ" ಎಂದು ಬರೆದು, ನೋಟರಿಯ ಮುದ್ರೆ ಒತ್ತಿಸಿ, ಇದೇ ಡೈವೋರ್ಸ್ ಎಂದು ನಂಬಿರುವವರನ್ನೂ ನಾವು ಕಂಡಿದ್ದೇವೆ. ಕ್ರೈಸ್ತರಿಗೆ ಅಂಥ ವಿಚ್ಛೇದನ ಇಲ್ಲ. ಮುದ್ರೆ ಎಷ್ಟೇ ದೊಡ್ಡದಿರಲಿ, ಆ ಕಾಗದದಿಂದ ಮದುವೆ ಮುಗಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕ್ರೈಸ್ತರಿಗೆ ಅನ್ವಯವಾಗುವುದು 1869ರ ವಿಚ್ಛೇದನ ಕಾಯಿದೆ. 2001ರ ತನಕ ಇದು ಹೆಂಗಸರಿಗೆ ಬಹಳ ಕಠಿಣವಾಗಿತ್ತು. ಆ ವರ್ಷದ ತಿದ್ದುಪಡಿಯಿಂದ ಗಂಡ ಹೆಂಡತಿ ಇಬ್ಬರಿಗೂ ಕಾರಣಗಳು ಸಮಾನವಾದವು. ಕ್ರೌರ್ಯ, ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಬಿಟ್ಟುಹೋಗಿರುವುದು, ವ್ಯಭಿಚಾರ ಮುಂತಾದವು ಅವುಗಳಲ್ಲಿ ಸೇರಿವೆ. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ದಾರಿಯೂ 10ಎ ಎಂಬ ಹೊಸ ಕಲಮಿನ ಮೂಲಕ ಆಗಲೇ ತೆರೆಯಿತು.

ಈ 10ಎ ಪ್ರಕಾರ ಅರ್ಜಿ ಹಾಕಲು ಎರಡು ವರ್ಷ ಬೇರೆ ವಾಸಿಸಿರಬೇಕಿತ್ತು. 2010ರಲ್ಲಿ ಕೇರಳ ಹೈಕೋರ್ಟು ಅದನ್ನು ಒಂದು ವರ್ಷಕ್ಕೆ ಇಳಿಸಿತು. 2022ರ ಡಿಸೆಂಬರಿನಲ್ಲಿ ಅದೇ ಹೈಕೋರ್ಟು ಆ ಒಂದು ವರ್ಷದ ಕಡ್ಡಾಯವೂ ಸಂವಿಧಾನಕ್ಕೆ ವಿರುದ್ಧ ಎಂದಿತು. ಅರ್ಜಿ ಹಾಕಿದ ಮೇಲೆ ಆರು ತಿಂಗಳಿಗೆ ಮೊದಲಲ್ಲದೆ, ಹದಿನೆಂಟು ತಿಂಗಳು ದಾಟದಂತೆ, ಇಬ್ಬರೂ ಮತ್ತೊಮ್ಮೆ ಕೋರ್ಟಿಗೆ ಬಂದು ಒಪ್ಪಿಗೆ ಹೇಳಬೇಕೆಂದು ಕಾಯಿದೆ ಹೇಳುತ್ತದೆ. ಮೊದಲ ಸಹಿಯೇ ಕೊನೆಯ ಮಾತಲ್ಲ ಎಂಬುದನ್ನು ನೆನಪಿಡಿ. ನಡುವಿನ ಆ ತಿಂಗಳುಗಳನ್ನು ಕಾನೂನು ಕೊಟ್ಟಿರುವುದು ಯೋಚಿಸಲಿಕ್ಕಾಗಿಯೇ.

ಅರ್ಜಿ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಗಡಿನಾಡಿನ ನಮಗೆ ಮುಖ್ಯ. ಮದುವೆ ನಡೆದ ಊರು, ಗಂಡ ಹೆಂಡತಿ ವಾಸಿಸುವ ಊರು, ಅಥವಾ ಅವರು ಕೊನೆಯದಾಗಿ ಜೊತೆಯಾಗಿ ವಾಸಿಸಿದ ಊರು, ಇವುಗಳಲ್ಲಿ ಯಾವುದಾದರೂ ಆಗಬಹುದು. ಬೇಳದಲ್ಲಿ ಮದುವೆಯಾಗಿ ಮಂಗಳೂರಿನಲ್ಲಿ ಸಂಸಾರ ಹೂಡಿದ ಮಗಳು ತವರಿಗೆ ಮರಳಿದ್ದರೆ, ಅವಳು ಪ್ರತಿ ವಾಯಿದೆಗೂ ಮಂಗಳೂರಿಗೆ ಅಲೆಯಲೇಬೇಕೆಂದಿಲ್ಲ. ಮದುವೆ ನಡೆದ ಊರೆಂಬ ಕಾರಣದಿಂದ ಕಾಸರಗೋಡಿನ ಕೌಟುಂಬಿಕ ನ್ಯಾಯಾಲಯದಲ್ಲಿಯೂ ಅರ್ಜಿ ಹಾಕಬಹುದು.

ವಕೀಲರಿಲ್ಲದೆ ನಿಲ್ಲಬಹುದೇ?

ನಿಲ್ಲಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ನ್ಯಾಯಾಧೀಶರು ಅನುಮತಿಸಿದರೆ ಮಾತ್ರ ವಕೀಲರು ವಾದಿಸುತ್ತಾರೆ. ಅಗತ್ಯ ಕಂಡರೆ ಸಲಹೆಗಾಗಿ ಕೋರ್ಟೇ ಒಬ್ಬ ಕಾನೂನು ಬಲ್ಲವರನ್ನು ನೇಮಿಸಿಕೊಳ್ಳಬಹುದು. ಮೊದಲು ರಾಜಿಗೆ ಪ್ರಯತ್ನಿಸುವುದು ಕೋರ್ಟಿನದ್ದೇ ಕರ್ತವ್ಯ. ಇಬ್ಬರಲ್ಲಿ ಒಬ್ಬರು ಬೇಡಿಕೊಂಡರೂ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಬೇಕು. "ಕೋರ್ಟಿನಲ್ಲಿ ಎಲ್ಲರೆದುರು ಮಾನ ಹೋಗುತ್ತದೆ" ಎಂದು ಹೆದರುವವರು ಇದನ್ನು ತಿಳಿದಿರಬೇಕು.

ಆದರೂ ನಮ್ಮ ಸಲಹೆ ಒಂದೇ. ನಿಲ್ಲಬಹುದು ಎಂಬ ಕಾರಣಕ್ಕೆ ಒಂಟಿಯಾಗಿ ನಿಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಅವರ ಆದಾಯ ಎಷ್ಟೆಂದು ಲೆಕ್ಕ ಕೇಳುವಂತಿಲ್ಲ. ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಹಾಗೂ ಆದಾಯ ನಿಗದಿತ ಮಿತಿಗಿಂತ ಕಡಿಮೆ ಇರುವ ಗಂಡಸರಿಗೂ ಈ ನೆರವು ಇದೆ. ವಕೀಲರ ಫೀಸು ಮಾತ್ರವಲ್ಲ, ಕೋರ್ಟಿನ ಶುಲ್ಕವೂ ಇದರಲ್ಲಿ ಸೇರುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಕಾಗದದಲ್ಲಿ ಅರ್ಜಿ ಬರೆದು ಕೊಟ್ಟರಾಯಿತು. 15100 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಮಲಯಾಳವಾಗಲಿ ಇಂಗ್ಲಿಷಾಗಲಿ ಓದಲು ಬಾರದಿದ್ದರೆ ಕನ್ನಡ ಬಲ್ಲ ವಕೀಲರು ಬೇಕೆಂದು ಅರ್ಜಿಯಲ್ಲೇ ಕೇಳಿ. ಕೇಳಲು ಸಂಕೋಚ ಬೇಡ.

ಹೀಗೆ ನೇಮಕವಾದ ವಕೀಲರಿಗೆ ನೀವು ಹಣ ಕೊಡಬೇಕಾಗಿಲ್ಲ. ಯಾರಾದರೂ ಕೇಳಿದರೆ ನೇಮಿಸಿದ ಪ್ರಾಧಿಕಾರಕ್ಕೇ ತಿಳಿಸಿ.

ಓದಬೇಕಾದ ಆರು ಜಾಗಗಳು

ಒಬ್ಬ ತಾಯಿಯ ಜೊತೆ ನಾವು ಕುಳಿತು ಓದಿದ ಅರ್ಜಿ ಹನ್ನೊಂದು ಪುಟದ್ದು, ಪೂರ್ತಿ ಇಂಗ್ಲಿಷಿನಲ್ಲಿತ್ತು. ಬರೆಸಿದ್ದು ಗಂಡನ ಕಡೆಯ ವಕೀಲರಿಂದ. ಎಂಟನೆಯ ಪುಟದಲ್ಲಿ ಎರಡು ಸಾಲುಗಳಿದ್ದವು. ಚಿನ್ನವೆಲ್ಲ ತನ್ನ ಕೈಸೇರಿದೆ ಎಂದು ಒಂದು ಸಾಲು. ತನಗಾಗಲಿ ಮಕ್ಕಳಿಗಾಗಲಿ ಇನ್ನು ಯಾವ ಜೀವನಾಂಶವೂ ಬೇಡ ಎಂದು ಇನ್ನೊಂದು ಸಾಲು. ಚಿನ್ನ ಬ್ಯಾಂಕಿನ ಅಡವಿನಲ್ಲಿತ್ತು. ಮಕ್ಕಳಿಬ್ಬರೂ ಶಾಲೆಯಲ್ಲಿದ್ದರು. ಆ ತಾಯಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರು. ಅಲ್ಲಿಂದ ಸಿಕ್ಕಿದ ವಕೀಲರು ಎರಡು ಪ್ಯಾರಾ ತಿದ್ದಿ ಕಳುಹಿಸಿದರು. ಗಂಡ ಯಾವ ತಕರಾರೂ ಇಲ್ಲದೆ ಒಪ್ಪಿದರು. ತಮಾಷೆಯೆಂದರೆ ಆ ಸಾಲುಗಳನ್ನು ಅವರೂ ಓದಿರಲಿಲ್ಲ.

ಒಪ್ಪಿಗೆಯ ಅರ್ಜಿಯಲ್ಲಿ ಗಂಡಾಗಲಿ ಹೆಣ್ಣಾಗಲಿ ಈ ಆರು ವಿಷಯಗಳನ್ನು ಬೆರಳಿಟ್ಟು ಓದಬೇಕು.

1. ತಾರೀಕುಗಳು. ಮದುವೆಯ ದಿನ, ಬೇರೆಯಾದ ದಿನ, ಕೊನೆಯದಾಗಿ ಒಟ್ಟಿಗಿದ್ದ ವಿಳಾಸ ನಿಜವೇ ನೋಡಿ. ಅರ್ಜಿಯ ಕೊನೆಯಲ್ಲಿ ಇದೆಲ್ಲ ಸತ್ಯ ಎಂದು ಪ್ರಮಾಣ ಮಾಡುವವರು ನೀವು, ವಕೀಲರಲ್ಲ.

2. ಜೀವನಾಂಶ. "ಹಿಂದಿನ, ಇಂದಿನ, ಮುಂದಿನ ಯಾವ ಹಕ್ಕೂ ಇಲ್ಲ" ಎಂಬ ಅರ್ಥದ ವಾಕ್ಯವಿದ್ದರೆ ನಿಲ್ಲಿ. ಒಂದೇ ಸಲಕ್ಕೆ ಹಣ ಕೊಡುವುದಾದರೆ ಎಷ್ಟು, ಯಾವ ದಿನ, ಯಾವ ರೂಪದಲ್ಲಿ ಎಂದು ಬರೆದಿರಬೇಕು. "ಆಮೇಲೆ ಕೊಡುತ್ತೇನೆ" ಎಂಬುದು ಕಾಗದದ ಮೇಲಿಲ್ಲದ ಮಾತು. ಎರಡನೇ ಒಪ್ಪಿಗೆ ಹೇಳುವ ದಿನ ಕೋರ್ಟಿನ ಎದುರೇ ಡಿಮಾಂಡ್ ಡ್ರಾಫ್ಟ್ ಕೈಗೆ ಬರುವಂತೆ ಬರೆಸುವುದು ಕ್ಷೇಮ.

3. ಚಿನ್ನ ಮತ್ತು ಸಾಮಾನು. "ಎಲ್ಲ ಸಿಕ್ಕಿದೆ" ಎಂದು ಬರೆಯುವ ಮೊದಲು ನಿಜವಾಗಿಯೂ ಸಿಗಲಿ. ಪವನಿನ ಲೆಕ್ಕದಲ್ಲಿ ಪಟ್ಟಿ ಮಾಡಿ, ಬಿಲ್ಲು, ಮದುವೆಯ ಫೋಟೋ ಜೋಡಿಸಿಡಿ.

4. ಮಕ್ಕಳು. ಯಾರ ಬಳಿ ಇರುತ್ತಾರೆ, ಇನ್ನೊಬ್ಬರು ಯಾವಾಗ ನೋಡಬಹುದು, ಶಾಲೆಯ ಫೀಸು, ಆಸ್ಪತ್ರೆಯ ಖರ್ಚು ಯಾರದ್ದು, ಪಾಸ್‌ಪೋರ್ಟಿಗೆ ಯಾರು ಸಹಿ ಹಾಕಬೇಕು ಎಂಬುದೆಲ್ಲ ಸ್ಪಷ್ಟವಿರಲಿ. ಮಕ್ಕಳ ಜೀವನಾಂಶ ಮಕ್ಕಳ ಹಕ್ಕು. ಅದನ್ನು ತಾಯಿ ಸಹಿ ಹಾಕಿ ಬಿಟ್ಟುಕೊಡುವಂಥದ್ದಲ್ಲ.

5. ಬೇರೆ ಕೇಸುಗಳು. ದೌರ್ಜನ್ಯದ ದೂರು, ಜೀವನಾಂಶದ ಅರ್ಜಿ, ಪೊಲೀಸ್ ಕೇಸು ಎಲ್ಲವನ್ನೂ ಹಿಂದೆಗೆಯುತ್ತೇನೆ ಎಂದು ಬರೆದಿದೆಯೇ? ಇದ್ದರೆ ಬದಲಿಗೆ ಏನು ಸಿಗುತ್ತದೆ, ಯಾವ ಹಂತದಲ್ಲಿ ಸಿಗುತ್ತದೆ ಎಂದು ಕೇಳಿ.

6. ಸಾಲ. ಜಂಟಿ ಹೆಸರಿನಲ್ಲಿ ಮನೆಸಾಲವಿದ್ದರೆ, ಗಂಡನೇ ಕಟ್ಟುತ್ತಾನೆ ಎಂದು ನೀವಿಬ್ಬರು ಒಪ್ಪಿಕೊಂಡರೂ ಅದು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬ್ಯಾಂಕಿನ ಒಪ್ಪಿಗೆ ಪಡೆದು ಹೆಸರು ತೆಗೆಸಿಕೊಳ್ಳಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೌಟುಂಬಿಕ ನ್ಯಾಯಾಲಯ ಸಾಮಾನ್ಯವಾಗಿ ಕೊಡುವ ತೀರ್ಪಿನ ಮೇಲೆ ಮೂವತ್ತು ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಆದರೆ ಇಬ್ಬರ ಒಪ್ಪಿಗೆಯಿಂದಾದ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ ಎಂದು ಅದೇ ಕಾಯಿದೆಯ 19ನೇ ಕಲಮು ಹೇಳುತ್ತದೆ. ಮೋಸ ನಡೆದಿದೆ ಎಂದು ಆಮೇಲೆ ಸಾಧಿಸುವುದು ಬಹಳ ಕಷ್ಟದ ದಾರಿ. ಓದಲು ಬೇಕಾದ ಒಂದು ಗಂಟೆ ಅದಕ್ಕಿಂತ ಸುಲಭ.

ಖಾಲಿ ಹಾಳೆಗೆ ಸಹಿ ಹಾಕಬೇಡಿ. ವಕಾಲತ್‌ನಾಮೆಗೆ, ಅಂದರೆ ನನ್ನ ಪರವಾಗಿ ಇವರು ಹಾಜರಾಗಲಿ ಎಂದು ಬರೆದುಕೊಡುವ ಕಾಗದಕ್ಕೆ, ಸಹಿ ಹಾಕುವಾಗ ಅದರಲ್ಲಿ ಯಾವ ವಕೀಲರ ಹೆಸರಿದೆ ನೋಡಿ. ಭಾಷೆ ತಿಳಿಯದಿದ್ದರೆ ಕನ್ನಡದಲ್ಲಿ ಓದಿ ಹೇಳುವಂತೆ ಕೇಳಿ, ಹಾಗೆ ಓದಿ ಹೇಳಲಾಗಿದೆ ಎಂದು ಅಫಿಡವಿಟ್ಟಿನಲ್ಲೇ ಬರೆಸಿ. ಸಹಿ ಹಾಕಿದ ಪ್ರತಿ ಹಾಳೆಯ ಜೆರಾಕ್ಸ್ ಪ್ರತಿ ಅದೇ ದಿನ ನಿಮ್ಮ ಕೈಯಲ್ಲಿರಬೇಕು.

ಸಮನ್ಸ್ ಬಂದರೆ

ಕೆಲವೊಮ್ಮೆ ಒಪ್ಪಿಗೆಯ ಮಾತೇ ಇರುವುದಿಲ್ಲ. ಒಂದು ದಿನ ಅಂಚೆಯವರೋ ಅಮೀನರೋ ಬಂದು ಕೋರ್ಟಿನ ಸಮನ್ಸ್ ಕೊಡುತ್ತಾರೆ. ತೆಗೆದುಕೊಳ್ಳದೆ ಹಿಂದೆ ಕಳುಹಿಸಿದರೆ ಕೇಸು ನಿಲ್ಲುತ್ತದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ನಿಲ್ಲುವುದಿಲ್ಲ. ನೀವಿಲ್ಲದೆಯೇ ಏಕಪಕ್ಷೀಯ ತೀರ್ಪಾಗಬಹುದು. ಸಮನ್ಸ್ ತೆಗೆದುಕೊಳ್ಳಿ, ಲಕೋಟೆಯ ಮೇಲೆ ಸಿಕ್ಕಿದ ತಾರೀಕು ಬರೆಯಿರಿ, ವಾಯಿದೆಯ ದಿನ ತಪ್ಪದೆ ಹಾಜರಾಗಿ. ನಿಮ್ಮ ಉತ್ತರವನ್ನು ಬರೆದುಕೊಡಲು ಸಾಮಾನ್ಯವಾಗಿ 30 ದಿನಗಳ ಕಾಲಾವಕಾಶ ಇರುತ್ತದೆ. ವಕೀಲರಿನ್ನೂ ಸಿಕ್ಕಿಲ್ಲದಿದ್ದರೆ, ಕಾನೂನು ನೆರವಿಗೆ ಅರ್ಜಿ ಹಾಕಿದ್ದೇನೆ, ಸಮಯ ಬೇಕು ಎಂದು ನ್ಯಾಯಾಧೀಶರಿಗೆ ನೀವೇ ಹೇಳಬಹುದು. ಏಕಪಕ್ಷೀಯ ತೀರ್ಪು ಆಗಿಯೇಬಿಟ್ಟಿದ್ದರೆ ಅದನ್ನು ರದ್ದುಪಡಿಸಲು ಅರ್ಜಿ ಹಾಕುವ ದಾರಿಯಿದೆ, ಆದರೆ ದಿನಗಳನ್ನು ಕಳೆಯಬಾರದು.

ಕೇಸು ನಡೆಯುವಾಗ ಮನೆಖರ್ಚಿಗೆ ಏನು ಮಾಡುವುದು ಎಂಬ ಚಿಂತೆಯಿದ್ದರೆ, ವಿಚ್ಛೇದನ ಕಾಯಿದೆಯ 36ನೇ ಕಲಮಿನಡಿ ಹೆಂಡತಿ ಮಧ್ಯಂತರ ಜೀವನಾಂಶ ಕೇಳಬಹುದು. ಸಾಧ್ಯವಾದಷ್ಟು ಮಟ್ಟಿಗೆ ಆ ಅರ್ಜಿಯನ್ನು 60 ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಹೊಡೆತ, ಬೆದರಿಕೆ ಇರುವ ಮನೆಯಾದರೆ ಕಾಗದಪತ್ರದ ಲೆಕ್ಕ ಆಮೇಲೆ. ಮೊದಲು ಜೀವ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಜಿಲ್ಲೆಯ ಸಂರಕ್ಷಣಾಧಿಕಾರಿಯವರ ನೆರವು ಪಡೆಯಿರಿ.

ಕಡತದಲ್ಲಿ ಏನಿರಬೇಕು?

ಒಂದು ಗಟ್ಟಿ ಫೈಲು ಕೊಳ್ಳಿ. ಮದುವೆಯ ಸರ್ಟಿಫಿಕೇಟು ಅದರಲ್ಲಿ ಮೊದಲನೆಯದು. ಕೇರಳದಲ್ಲಿ 2008ರ ನಿಯಮಗಳ ನಂತರ ಎಲ್ಲ ಧರ್ಮದವರ ಮದುವೆಯೂ ಪಂಚಾಯತಿನಲ್ಲೋ ನಗರಸಭೆಯಲ್ಲೋ ನೋಂದಣಿಯಾಗಬೇಕು. ಅದಕ್ಕಿಂತ ಹಳೆಯ ಮದುವೆಯಾದರೆ ಇಗರ್ಜಿಯ ಮದುವೆ ದಾಖಲೆಯ ಪ್ರತಿಯನ್ನು ವಿಗಾರರಿಂದ ಪಡೆಯಿರಿ. ಎರಡರಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ನೋಡಿ. ನಮ್ಮಲ್ಲಿ ಡಿಸೋಜ, ಡಿ'ಸೋಜಾ ಎಂದು ಮೂರು ಕಡೆ ಮೂರು ರೀತಿ ಬರೆದಿರುವುದು ಸಾಮಾನ್ಯ. ನಂತರ ಆಧಾರ್, ಮಕ್ಕಳ ಜನನ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಜಾಗದ ದಾಖಲೆ, ಆಸ್ಪತ್ರೆಯ ಚೀಟಿಗಳು, ಶಾಲೆಯ ಫೀಸಿನ ರಸೀದಿಗಳು. ಮೂಲಪತ್ರಗಳನ್ನು ಯಾರ ಕೈಗೂ ಕೊಡಬೇಡಿ. ಕೊಡಲೇಬೇಕಾದರೆ ರಸೀದಿ ಪಡೆಯಿರಿ.

ಕೇಸು ದಾಖಲಾದಾಗ ಅದಕ್ಕೊಂದು ಹದಿನಾರು ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಗುತ್ತದೆ. ಅದನ್ನು ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಈ ಸಂಖ್ಯೆ ಹಾಕಿದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂದು ಮನೆಯಲ್ಲೇ ನೋಡಬಹುದು. ಕಾಲೇಜಿಗೆ ಹೋಗುವ ಮಕ್ಕಳು ಒಂದು ನಿಮಿಷದಲ್ಲಿ ತೋರಿಸಿಕೊಡುತ್ತಾರೆ. ಗಲ್ಫಿನಲ್ಲಿರುವವರು ಕೋರ್ಟಿನ ಅನುಮತಿ ಪಡೆದು ವಿಡಿಯೋ ಮೂಲಕ ಹಾಜರಾಗುವ ಸೌಕರ್ಯವೂ ಈಗ ಇದೆ. ತೀರ್ಪಾದ ಮೇಲೆ ಅದರ ದೃಢೀಕೃತ ಪ್ರತಿಗಳನ್ನು ಎರಡು ಮೂರು ಪಡೆದಿಡಿ. ಪಾಸ್‌ಪೋರ್ಟಿಗೂ, ಧರ್ಮಸಭೆಯ ಕಡತಕ್ಕೂ ಅವು ಬೇಕಾಗುತ್ತವೆ.

ಮಂಗಳೂರಿಗೆ ಹೋಗುವ ಕಡತ

ಧರ್ಮಸಭೆಯ ನ್ಯಾಯಮಂಡಳಿ ವಿಚ್ಛೇದನ ಕೊಡುವುದಿಲ್ಲ. ಆ ಮದುವೆ ಆರಂಭದಿಂದಲೇ ಸಿಂಧುವಾಗಿತ್ತೇ ಎಂದು ಅದು ಪರಿಶೀಲಿಸುತ್ತದೆ. ಒತ್ತಾಯದ ಒಪ್ಪಿಗೆ, ಗಂಭೀರವಾದ ಮಾನಸಿಕ ಅಸಾಮರ್ಥ್ಯ, ಮಕ್ಕಳೇ ಬೇಡ ಎಂದು ಮೊದಲೇ ನಿಶ್ಚಯಿಸಿದ್ದು, ಮೋಸ, ಇಂಥ ಕಾರಣಗಳನ್ನು ಅಲ್ಲಿ ವಿಚಾರಿಸುತ್ತಾರೆ. ಇದಕ್ಕೂ ಹೊರಗಿನ ವಕೀಲರು ಬೇಕಾಗಿಲ್ಲ. ನಿಮ್ಮ ವಿಗಾರರ ಬಳಿ ಹೋದರೆ ಅರ್ಜಿ ಬರೆಯುವ ಕ್ರಮ ತಿಳಿಸುತ್ತಾರೆ. ನಡೆದದ್ದನ್ನು ನಿಮ್ಮದೇ ಮಾತಿನಲ್ಲಿ, ಕನ್ನಡದಲ್ಲಿ, ತಾರೀಕು ಸಹಿತ ಬರೆದುಕೊಂಡು ಹೋಗಿ. ಮದುವೆಗೆ ಮುಂಚಿನ ದಿನಗಳನ್ನು ಬಲ್ಲ ಸಾಕ್ಷಿಗಳ ಹೆಸರು ಮುಖ್ಯ.

ಹಿಂದೆ ಎರಡು ನ್ಯಾಯಮಂಡಳಿಗಳು ಒಂದೇ ತೀರ್ಪು ಕೊಡಬೇಕಿತ್ತು, ವರ್ಷಗಟ್ಟಲೆ ಹಿಡಿಯುತ್ತಿತ್ತು. ಪೋಪ್ ಫ್ರಾನ್ಸಿಸ್ 2015ರಲ್ಲಿ ಈ ಕ್ರಮವನ್ನು ಸರಳಗೊಳಿಸಿದರು. ಆ ವರ್ಷದ ಡಿಸೆಂಬರ್ 8ರಿಂದ ಒಂದೇ ತೀರ್ಪು ಸಾಕು. ಕಾರಣಗಳು ಸ್ಪಷ್ಟವಾಗಿದ್ದು ಇಬ್ಬರೂ ಒಪ್ಪಿದ್ದರೆ ಧರ್ಮಾಧ್ಯಕ್ಷರೇ ತೀರ್ಮಾನಿಸುವ ಚಿಕ್ಕ ದಾರಿಯೂ ಇದೆ. ಸಾಧ್ಯವಾದ ಕಡೆ ಇದೆಲ್ಲ ಉಚಿತವಾಗಿ ಆಗಬೇಕೆಂಬುದು ಅವರ ಆಶಯವಾಗಿತ್ತು. ಮದುವೆ ಅಸಿಂಧು ಎಂದಾದರೂ ಮಕ್ಕಳ ಜನ್ಮಕ್ಕೆ ಯಾವ ಕಳಂಕವೂ ತಟ್ಟುವುದಿಲ್ಲ ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ತೆಗೆದುಹಾಕೋಣ. "ಡೈವೋರ್ಸ್ ಆದವರು ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ" ಎಂದು ಹಿಂದಿನ ಬೆಂಚಿನಲ್ಲಿ ಕೂರುವವರಿದ್ದಾರೆ. ಮರುಮದುವೆಯಾಗದೆ ಬದುಕುತ್ತಿರುವವರಿಗೆ ಅಂಥ ತಡೆಯಿಲ್ಲ. ತನ್ನ ಹಕ್ಕುಗಳ, ಮಕ್ಕಳ ಪಾಲನೆಯ, ಆಸ್ತಿಯ ರಕ್ಷಣೆಗೆ ಬೇರೆ ದಾರಿಯೇ ಇಲ್ಲದಿದ್ದಾಗ ಕೋರ್ಟಿನ ವಿಚ್ಛೇದನವನ್ನು ಸಹಿಸಿಕೊಳ್ಳಬಹುದು, ಅದು ಪಾಪವಾಗುವುದಿಲ್ಲ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2383ನೇ ಪ್ಯಾರಾ ತಿಳಿಸುತ್ತದೆ.

ನಮ್ಮ ವಾಳೆಯ ಕೆಲಸ

ಕೋರ್ಟಿಗೆ ಹೋಗುವವರಿಗೆ ನಾವೇನು ಮಾಡಬಹುದು? ಬಹಳ ದೊಡ್ಡದೇನೂ ಬೇಡ. ವಾಯಿದೆಯ ದಿನ ಅವರ ಮಗುವನ್ನು ಶಾಲೆಯಿಂದ ಕರೆತಂದು ಊಟ ಕೊಡಬಹುದು. ಇಂಗ್ಲಿಷ್ ಅಥವಾ ಮಲಯಾಳ ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಅರ್ಜಿಯನ್ನು ಸಾಲು ಸಾಲಾಗಿ ಓದಿ ಅರ್ಥ ಹೇಳಬಹುದು, ಓದಿದ್ದನ್ನು ಹೊರಗೆ ಆಡದೆ ಇರಬಹುದು. ಗುರಿಕಾರರು ಜೊತೆಗೆ ಬಸ್ಸು ಹತ್ತಬಹುದು. "ಹೊಂದಿಕೊಂಡು ಹೋಗು ಮಗಳೇ" ಎಂದು ಹೇಳುವ ಮೊದಲು ಅವಳ ತೋಳಿನ ಮೇಲಿನ ಗಾಯವನ್ನು ನೋಡಬಹುದು. "ಸಹಿ ಹಾಕಿ ಮುಗಿಸಿಬಿಡು" ಎನ್ನುವ ಮೊದಲು ಕಾಗದದಲ್ಲಿ ಏನಿದೆ ಎಂದು ಕೇಳಬಹುದು.

ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಿ. ನಿಮ್ಮ ಮನೆಗೆ ಇದರ ಅಗತ್ಯ ಬಾರದಿರಲಿ ಎಂಬುದೇ ನಮ್ಮ ಪ್ರಾರ್ಥನೆ. ನೆರೆಮನೆಗೆ ಬಂದರೆ ಸದ್ದಿಲ್ಲದೆ ಕೊಟ್ಟುಬನ್ನಿ.